ಮೂರು ಫ್ರೇಮ್ ಹೆಚ್ಚು

"ರೀ, ಏಳ್ರೀ! ಆ ಸೀಟು ನಂದು!"

ಹೆಡ್‌ಫೋನ್ ಹಾಕಿಕೊಂಡು ಕೂತಿದ್ದವನು ತಿರುಗಿಯೂ ನೋಡಲಿಲ್ಲ. ಲತಾಮಣಿಗೆ ಉರಿದುಹೋಯಿತು. ಬಗ್ಗಿ ಅವನ ಹೆಡ್‌ಫೋನನ್ನೇ ಕಿತ್ತುಕೊಂಡಳು.

"ಏಯ್! ಏನ್ರೀ ಇದು?"

"ನಾಲ್ಕನೇ ಸಿಸ್ಟಮ್ ನಂದು. ಏಳು ಗಂಟೆಗೆ ನಂಗೆ ಆನ್‌ಲೈನ್ ಕ್ಲಾಸ್ ಐತೆ."

"ನಂಗೂ ಅದೇ ಕ್ಲಾಸು. ಸೀಟ್ ಮ್ಯಾಲೆ ನಿಮ್ ಹೆಸ್ರು ಬರ್ದೈತಾ?"

ಅಷ್ಟರಲ್ಲಿ ಅವನ ಕಣ್ಣು ಅವಳ ಎಡಗಾಲಿನತ್ತ ಇಳಿಯಿತು. ಪೋಲಿಯೋದಿಂದ ಸಣ್ಣಗಾದ ಕಾಲು. 'ಈಗ ಏಳ್ತಾನೆ... ಅಯ್ಯೋ ಪಾಪ ಅಂತಾನೆ...' ಎಂದುಕೊಂಡಳು.

ಅವನು ಏಳಲೇ ಇಲ್ಲ!

"ಐದನೇದ್ರಲ್ಲಿ ಕೂತ್ಕಳಿ. ಮೌಸು ಒಸಿ ಸತಾಯ್ಸುತ್ತೆ, ಅಷ್ಟೇಯ."

ಇಪ್ಪತ್ತೆಂಟು ವರ್ಷದಲ್ಲಿ ಅವಳ ಜೊತೆ ಸರಿಸಮನಾಗಿ ಜಗಳ ಆಡಿದ ಮೊದಲ ಗಂಡಸು! ಐದನೇ ಸಿಸ್ಟಮ್ ಮುಂದೆ ಕೂತು, ಯಾರಿಗೂ ಕಾಣದಂತೆ ನಕ್ಕಳು.

ಅದು ಎರಡು ಸಾವಿರದ ಒಂಬತ್ತು. ಚನ್ನಪಟ್ಟಣ ಬಸ್ ಸ್ಟ್ಯಾಂಡ್ ಎದುರು, ಹದಿನಾಲ್ಕು ಮೆಟ್ಟಿಲು ಹತ್ತಿದರೆ ಮಕ್ಬೂಲ್ ಅಣ್ಣನ ಸೈಬರ್ ಸೆಂಟರ್. ಬೆಂಗಳೂರಿನಲ್ಲಿ ಕೂತ ಮನೋಹರ್ ಸಾರು ಸಂಜೆ ಏಳಕ್ಕೆ ಅಲ್ಲಿಗೂ ಅನಿಮೇಷನ್ ಕಲಿಸುತ್ತಿದ್ದರು. ಅವರ ಮಾತು ಹೆಡ್‌ಫೋನಿನಲ್ಲಿ, ಪಾಠ ಪರದೆಯ ಮೇಲೆ.

ಲತಾಮಣಿ ಹಗಲೆಲ್ಲ ಗಾರ್ಮೆಂಟ್ಸ್ ಫ್ಯಾಕ್ಟರಿಯಲ್ಲಿ ಶರ್ಟಿನ ಕಾಲರ್ ಚೆಕ್ ಮಾಡುತ್ತಿದ್ದಳು. ಕೂತ ಜಾಗದಲ್ಲೇ ಕೂತು ಓಡುವವರನ್ನು, ಕುಣಿಯುವವರನ್ನು ಮಾಡಬಹುದು ಎಂದು ತಿಳಿದ ದಿನವೇ ಈ ಕ್ಲಾಸಿಗೆ ಸೇರಿದ್ದಳು.

ಅವನ ಹೆಸರು ಅನಂತರಾಜು. ಎಂಟನೇ ಕ್ಲಾಸಿಗೇ ಸ್ಕೂಲಿಗೆ ಬೆನ್ನು ಹಾಕಿ, ಲೇತ್ ಮೇಲೆ ಬೊಂಬೆ ಕಡೆಯುತ್ತಿದ್ದವನು. "ಓದ್ದೇ ಇರೋನ್ಗೆ ಕಂಪ್ಯೂಟರ್ ಯಾಕ್ಲಾ?" ಎಂದು ಬೊಂಬೆ ಕೊಳ್ಳುವ ಸಾಹುಕಾರ ನಕ್ಕಿದ್ದ. ಆ ನಗುವಿನ ಸಿಟ್ಟಿಗೇ ಬಂದು ಸೇರಿದ್ದ. ಇಂಗ್ಲಿಷಿನ ಬಟನ್ ಕಂಡರೆ ಹಲ್ಲು ಕಡಿಯುತ್ತಿದ್ದ.

ಲತಾಮಣಿ ಚೀಟಿಯಲ್ಲಿ ಕನ್ನಡದಲ್ಲಿ ಬರೆದು ಅವನ ಮಾನಿಟರ್ ಅಂಚಿಗೆ ಅಂಟಿಸಿದಳು. 'ಇದು ಒತ್ತಿದ್ರೆ ಉಳಿಯುತ್ತೆ. ಇದು ಒತ್ತಿದ್ರೆ ಹೋಯ್ತು.'

ಪುಟಿಯುವ ಚೆಂಡಿನ ಪಾಠ ಬಂದಾಗ, ಅವನು ಹಾಲೆ ಮರದಲ್ಲಿ ಚೆಂಡು ಕಡೆದು, ಕೆಂಪು ಅರಗು ಬಳಿದು ತಂದ. ಅವಳು ಬೀಳಿಸುವುದು, ಅವನು ನೋಡುವುದು...

"ಅರೆ, ಕೆಳಗೆ ಬೇಕರಿ ಐತೆ! ಅವರ ಸೂರು ಬೀಳುಸ್ತೀರೇನ್ರೋ?" ಮಕ್ಬೂಲ್ ಅಣ್ಣ ಕೂಗುತ್ತಿದ್ದ.

ಇಬ್ಬರೂ ನಗುತ್ತಿದ್ದರು. ಲತಾಮಣಿಗೆ ಏಳು ಗಂಟೆ ಎಂದರೆ ಕ್ಲಾಸೋ, ಅವನೋ... ಗೊತ್ತಾಗದಂತಾಯಿತು.

ನವೆಂಬರಿನಲ್ಲಿ ನಡಿಗೆಯ ಪಾಠ ಬಂತು. ಪರದೆಯ ಮೇಲೆ ಒಂದು ಬೊಂಬೆಯನ್ನು ನಡೆಸಬೇಕು.

ಆ ವಾರದ ಭಾನುವಾರ ಅವಳನ್ನು ನೋಡಲು ಗಂಡಿನ ಕಡೆಯವರು ಬಂದಿದ್ದರು. ಕಾಫಿ ಕುಡಿದರು, ಚಕ್ಕುಲಿ ತಿಂದರು. ಆಮೇಲೆ ಹುಡುಗನ ಸೋದರತ್ತೆ ಅಂದಳು: "ಎಲ್ಲಿ, ಒಂದ್ಸಲ ಆ ಗೋಡೆತಂಕ ನಡ್ದು ತೋರ್ಸವ್ವ."

ಸಂತೆಯಲ್ಲಿ ದನ ನಡೆಸಿ ನೋಡುತ್ತಾರಲ್ಲ, ಹಾಗೆ! ಇವಳು ನಡೆದಳು. ಅವರು ಮುಖ ಮುಖ ನೋಡಿಕೊಂಡರು. ಅವ್ವ ಬೈರಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಬಂದವರು ಚಪ್ಪಲಿ ಮೆಟ್ಟಿ ಹೊರಟರು. ತಿಂದ ಚಕ್ಕುಲಿಗಾದರೂ ನಾಚಿಕೆ ಆಗಬೇಕಿತ್ತು.

ಮಾರನೆಯ ದಿನ ಕ್ಲಾಸಿನಲ್ಲಿ ಸಾರು ಎಲ್ಲರ ನಡಿಗೆಗಳನ್ನು ಪರದೆಗೆ ಹಾಕಿದರು. "ಇದು ಚನ್ನಪಟ್ಟಣದ ಅನಂತರಾಜು ಅವರದು."

ಬಿಳಿ ಪರದೆಯಲ್ಲಿ ಒಂದು ಮರದ ಬೊಂಬೆ ಬಂತು. ಬಲಗಾಲು ಊರಿತು. ಸೊಂಟ ಪಕ್ಕಕ್ಕೆ ವಾಲಿತು. ಎಡಗಾಲು ತಡವಾಗಿ ಬಂತು...

ಲತಾಮಣಿ ಪರದೆಯತ್ತ ಬಗ್ಗಿದಳು. 'ಇದು... ನಾನು!'

ಪರದೆಯ ಮೂಲೆಯಲ್ಲಿ ಬೇರೆ ಊರಿನ ಯಾರೋ ಟೈಪ್ ಮಾಡಿದರು: 'ಹಹ್ಹಹ್ಹಾ, ಕುಂಟು ಬೊಂಬೆ!' ಮತ್ತೊಬ್ಬ. ಮಗದೊಬ್ಬ. ಅಷ್ಟರಲ್ಲಿ ಕರೆಂಟ್ ಹೋಯಿತು. ಯುಪಿಎಸ್ ಎರಡು ಸಲ ಕಿರುಚಿ ಸುಮ್ಮನಾಯಿತು.

"ಲತಾಮಣಿಯವ್ರೇ, ಒಸಿ ನಿಲ್ಲಿ, ಇನ್ನೂ ಐತೆ ಅದು..." ಕತ್ತಲಲ್ಲಿ ಅವನ ದನಿ.

"ನೀವೂ ನನ್ನ ನಡೆಸಿ ನೋಡ್ಬುಟ್ರಿ ಅಲ್ವಾ?" ಲತಾಮಣಿ ಬಾಗಿಲತ್ತ ತಿರುಗಿದಳು. "ಅವ್ರು ನಾಲ್ಕು ಜನ್ರ ಮುಂದೆ ನಡೆಸಿದ್ರು. ನೀವು ಕ್ಲಾಸಿಗೇ ತೋರ್ಸಿದ್ರಿ!"

ಹದಿನಾಲ್ಕು ಮೆಟ್ಟಿಲನ್ನೂ ಗೋಡೆ ಹಿಡಿದುಕೊಂಡೇ ಇಳಿದಳು.

ಎಂಟು ದಿನ ಕ್ಲಾಸಿಗೆ ಹೋಗಲಿಲ್ಲ. ಒಂಬತ್ತನೇ ದಿನ ಬಸ್ ಸ್ಟ್ಯಾಂಡಿನಲ್ಲಿ ಮಕ್ಬೂಲ್ ಅಣ್ಣ ಅಡ್ಡ ಬಂದ.

"ಏನ್ ತಂಗಿ, ನಿನ್ ಪಾಠ ಎಲ್ಲಾ ನನ್ ಕಂಪ್ಯೂಟರ್‌ನಲ್ಲೇ ಬಿದ್ದೈತೆ. ಸಿ.ಡಿ.ಗಾದ್ರೂ ಹಾಕ್ಕೊಂಡ್ ಹೋಗು. ಈಗ ಅವನಿಲ್ಲ, ಬಾ."

ಹತ್ತಿದಳು. ಇಬ್ಬರ ಪಾಠವನ್ನೂ ಉಳಿಸುತ್ತಿದ್ದ ನಾಲ್ಕನೇ ಸಿಸ್ಟಮ್ಮಿನಲ್ಲಿ ತನ್ನ ಫೋಲ್ಡರ್ ಪಕ್ಕದಲ್ಲೇ ಅವನದಿತ್ತು. ನಡಿಗೆ ಒಂದು, ನಡಿಗೆ ಎರಡು... ಹನ್ನೆರಡರವರೆಗೆ. ಕೈ ತಡೆಯಲಿಲ್ಲ. ಮೊದಲ ಹನ್ನೊಂದರಲ್ಲೂ ಬೊಂಬೆ ನೆಟ್ಟಗೆ, ಗೂಟದ ಹಾಗೆ ನಡೆದಿತ್ತು. ಹನ್ನೆರಡನೆಯದು... ಅದೇ!

ಬೊಂಬೆ ವಾಲುತ್ತಾ ಬಂತು. ಅವತ್ತು ಕರೆಂಟ್ ಹೋದ ಜಾಗ ದಾಟಿತು.

ಹಿಂದಿನಿಂದ ಇನ್ನೊಂದು ಬೊಂಬೆ ಬಂತು! ಗಂಡು ಬೊಂಬೆ, ದುರದುರ ಅಂತ, ಯಾರ ಮೇಲೋ ಕೋಪ ಮಾಡಿಕೊಂಡ ಹಾಗೆ. ಇವಳ ಬೊಂಬೆಯನ್ನು ದಾಟಿ ಹೋಯಿತು. ನಿಂತಿತು. ತಿರುಗಿ ನೋಡಿತು. ವಾಪಸ್ ಬಂದು ಪಕ್ಕಕ್ಕೆ ಸೇರಿ... ತನ್ನ ಹೆಜ್ಜೆಯನ್ನು ಸಣ್ಣ ಮಾಡಿಕೊಂಡಿತು.

ಲತಾಮಣಿ ಒಂದೊಂದೇ ಫ್ರೇಮ್, ಅಂದರೆ ಒಂದೊಂದೇ ಚಿತ್ರ, ಸರಿಸಿ ಎಣಿಸಿದಳು. ಅವಳ ಎಡಗಾಲಿಗೆ ಮೂರು ಫ್ರೇಮ್ ಹೆಚ್ಚು. ಅವನ ಎಡಗಾಲಿಗೂ ಸರಿಯಾಗಿ ಮೂರು. ಒಂದೂ ಕಮ್ಮಿ ಇಲ್ಲ! ಪರದೆ ಮಂಜಾಯಿತು.

ಮೆಟ್ಟಿಲ ಮೇಲೆ ದುರದುರ ಹೆಜ್ಜೆ. ಯಾರೆಂದು ನೋಡಬೇಕಾಗಿರಲಿಲ್ಲ. ಬಾಗಿಲಲ್ಲಿ ಅನಂತರಾಜು ಗಕ್ಕನೆ ನಿಂತ. ಅಂಗಿಯ ತುಂಬ ಮರದ ಹೊಟ್ಟು.

"ಕರೆಂಟ್ ಬಂದ್ಮ್ಯಾಲೆ ನಕ್ಕೋರ್ಗೆಲ್ಲ ಅಲ್ಲೇ ಟೈಪ್ ಮಾಡಿ ಬೈದೆ," ಅಂದ. "ಸಾರು ನನ್ನ ಎರಡ್ ದಿನ ಕ್ಲಾಸಿಂದ ಆಚೆಗೆ ಹಾಕುದ್ರು."

"ಏನಂತ ಬೈದ್ರಿ?"

"ಅದ್ನ ಹೆಂಗಸ್ರ ಮುಂದೆ ಹೇಳಂಗಿಲ್ಲ."

ನಗು ಬಂತು. ಅದುಮಿಕೊಂಡಳು. "ನನ್ನ ನಡಿಗೆ ತಗೊಳ್ಳೋ ಮುಂಚೆ ನನ್ನ ಕೇಳ್ಬೇಕಿತ್ತು."

"ತಪ್ಪಾಯ್ತು." ಅವನು ನೆಲ ನೋಡಿದ. "ಸಾರು ನಡಿಗೆ ಮಾಡಿ ಅಂದ್ರು. ಹನ್ನೊಂದ್ ಸಲ ಮಾಡ್ದೆ, ಒಂದ್ರಲ್ಲೂ ಜೀವ ಇಲ್ಲ. ಕಣ್ಮುಚ್ಚುದ್ರೆ ನೀವು ಮೆಟ್ಲು ಹತ್ತಿ ಬರೋದೇಯ ಕಾಣ್ತದೆ. ಬ್ಯಾರೆ ಯಾರ್ ನಡಿಗೇನೂ ನಾನ್ ಹಂಗೆ ನೋಡೇ ಇಲ್ಲ ಕಣ್ರೀ... ನನ್ನ ಕಟ್ಕತೀರಾ?"

ಮಕ್ಬೂಲ್ ಅಣ್ಣ ಕೌಂಟರಿನಲ್ಲಿ ಪೇಪರ್ ಎತ್ತಿ ಮುಖ ಮುಚ್ಚಿಕೊಂಡ.

ಲತಾಮಣಿ ಕಣ್ಣೊರೆಸಿಕೊಂಡು ಕುರ್ಚಿಗೆ ಒರಗಿದಳು. ಕೈ ಕಟ್ಟಿದಳು.

"ಎಲ್ಲಿ... ಒಂದ್ಸಲ ಆ ಗೋಡೆತಂಕ ನಡ್ದು ತೋರ್ಸಿ."

ಅವನು ಅವಳ ಮುಖ ನೋಡಿದ. ಆಮೇಲೆ ಅಂಗಿಯ ಹೊಟ್ಟು ಕೊಡವಿಕೊಂಡು ನಡೆದ. ನೋಡುತ್ತಾ ಕೂತಿದ್ದಾಳೆ ಎಂಬ ಗಾಬರಿಗೆ ಬಲಗೈ ಬಲಗಾಲು ಒಟ್ಟಿಗೇ ಹೋದವು. ಗೋಡೆ ಮುಟ್ಟಿ ಬೆವರುತ್ತಾ ವಾಪಸ್ ಬಂದ.

"ಹೆಂಗೈತೆ?"

"ಗೂಟ ನಡ್ದಂಗೈತೆ."

"ಹಂಗಾದ್ರೆ... ಒಪ್ಗೆ ಇಲ್ವಾ?"

ಲತಾಮಣಿ ಎದ್ದು ಬಂದು ಅವನ ಎಡಗಡೆ ನಿಂತಳು.

"ಒಪ್ಗೆ. ನಡಿಯೋದು ನಾನ್ ಕಲುಸ್ತೀನಿ, ಬನ್ನಿ."