ಒಂದು ಮಗ್ ಕಡಿಮೆ

"ಅಯ್ಯೋ, ಹೋಯ್ತು!"

ಚೂಟಿ ಫ್ಲಶ್ ಒತ್ತಿ ಆಗಿತ್ತು. ಕೈಯಲ್ಲಿ ಖಾಲಿ ಮಗ್. ಅಜ್ಜಿಯ ಉಚ್ಚೆ ಗುಳುಗುಳು ಎಂದು ಕಮೋಡಿನೊಳಗೆ ಇಳಿದುಹೋಯಿತು.

ಬೇರೆ ದಿನವಾಗಿದ್ದರೆ ಇದಕ್ಕೆಲ್ಲ ಯಾರು ಅಳುತ್ತಿದ್ದರು? ಆದರೆ ಇವತ್ತು ಅದರ ಒಂದೊಂದು ಹನಿಯೂ ಬೇಕಿತ್ತು. ಅಜ್ಜಿಯ ಬಿಪಿ ಯಾವ ಮಾತ್ರೆಗೂ ಬಗ್ಗುತ್ತಿರಲಿಲ್ಲ. ಹೊಟ್ಟೆಯೊಳಗಿನ ಯಾವುದೋ ಗ್ರಂಥಿ ಹಾರ್ಮೋನನ್ನು ಜಾಸ್ತಿ ಸುರಿಸುತ್ತಿದೆಯೇನೋ ಎಂದು ಡಾಕ್ಟರಿಗೆ ಅನುಮಾನ. ಅದಕ್ಕೇ ಲ್ಯಾಬಿನವರು ಐದು ಲೀಟರಿನ ಕ್ಯಾನ್ ಕೊಟ್ಟು ಕಳಿಸಿದ್ದರು. ಇವತ್ತು ಬೆಳಗ್ಗೆ ಏಳಕ್ಕೆ ಮಾಡಿದ್ದನ್ನು ಚೆಲ್ಲಬೇಕು. ಆಮೇಲೆ ನಾಳೆ ಬೆಳಗ್ಗೆ ಏಳರವರೆಗೆ ಮಾಡಿದ್ದೆಲ್ಲ ಕ್ಯಾನಿಗೆ. ಕ್ಯಾನ್ ಫ್ರಿಜ್ಜಿಗೆ.

ಎರಡು ದಿನ ಮನೆಯ ಹಾಲು ಮುಟ್ಟುವುದಿಲ್ಲ ಎಂದು ಅಪ್ಪ ಘೋಷಿಸಿದ್ದ. ಅಮ್ಮ ಕ್ಯಾನಿಗೆ ಪೇಪರ್ ಸುತ್ತಿ 'ಇದು ಜ್ಯೂಸ್ ಅಲ್ಲ' ಎಂದು ದಪ್ಪಕ್ಷರದಲ್ಲಿ ಬರೆದಿದ್ದಳು.

ಅಜ್ಜಿಯ ಕೈ ನಡುಗುತ್ತಿದ್ದುದರಿಂದ ಮಗ್ಗಿನಿಂದ ಕ್ಯಾನಿಗೆ ಸುರಿಯುವ ಕೆಲಸ ಚೂಟಿಯದು. ಹೇಗೂ ಶಾಲೆಗೆ ರಜೆ. "ನಾನೇ ಇನ್‌ಚಾರ್ಜ್!" ಎಂದು ಬೆಳಗ್ಗೆಯಿಂದ ಮೆರೆದದ್ದೇ ಮೆರೆದದ್ದು. ಮಧ್ಯಾಹ್ನ ಹೊರಗಿನಿಂದ ಗೆಳತಿ, "ನಿನ್ನ ಬ್ಯಾಟಿಂಗ್ ಬಂತು, ಬೇಗ ಬಾರೇ!" ಎಂದು ಕೂಗಿದ್ದೇ ತಡ, ಕೈ ತನ್ನ ಪಾಡಿಗೆ ತಾನು ಚೆಲ್ಲಿಬಿಟ್ಟಿತ್ತು.

ಹೇಳೋಣವೇ? ಹೇಳಿದರೆ ಅಜ್ಜಿ ಸುಮ್ಮನೆ ಬಿಡುವವಳಲ್ಲ. ಅವಳ ಬಾಯಿಗೆ ಹೆದರಿ ಬೀದಿನಾಯಿಯೇ ದಾರಿ ಬದಲಿಸುತ್ತದೆ!

ಚೂಟಿ ಎರಡು ನಿಮಿಷ ಯೋಚಿಸಿದಳು. ನಲ್ಲಿ ತಿರುಗಿಸಿದಳು. ಒಂದು ಮಗ್ ನೀರು ಹಿಡಿದು ಕ್ಯಾನಿಗೆ ಸುರಿದಳು. ಬಣ್ಣ ಸ್ವಲ್ಪ ತೆಳುವಾಯಿತು. ಅಜ್ಜಿ ನೀರು ಜಾಸ್ತಿ ಕುಡಿದಳು ಅಂದುಕೊಳ್ಳಲಿ, ಬಿಡು! ಆಡಲು ಓಡಿದಳು. ಮೊದಲನೇ ಬಾಲಿಗೇ ಔಟಾದಳು.

ಮರುದಿನ ಎಂಟಕ್ಕೆ ಅಜ್ಜಿ ಮೊಮ್ಮಗಳು ಲ್ಯಾಬಿನಲ್ಲಿದ್ದರು. ಕೌಂಟರಿನ ಅಕ್ಕ ಗ್ಲೌಸ್ ಹಾಕಿಕೊಂಡು ಕ್ಯಾನ್ ಎತ್ತಿ ನೋಡಿದಳು.

"ಅಜ್ಜಿ, ಒಂದು ಸಲನೂ ತಪ್ಪಿಲ್ಲ ತಾನೇ?"

"ತಪ್ಪೋದಾ? ನಮ್ಮ ಚೂಟಿ ಕಾವಲಿದ್ದಳು ಕಣಮ್ಮ. ಇವಳ ಕಣ್ಣು ತಪ್ಪಿಸಿ ಒಂದು ಹನಿನೂ ಆಚೆ ಹೋಗಿಲ್ಲ!"

ಚೂಟಿಗೆ ನಿಂತಲ್ಲೇ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

"ಅಕ್ಕಾ... ನಿನ್ನೆ ಒಂದು ಮಗ್ ಚೆಲ್ಲಿಬಿಟ್ಟೆ. ಆದ್ರೆ ಅಷ್ಟೇ ನೀರು ಹಾಕಿದೀನಿ. ಲೆವೆಲ್ ಕರೆಕ್ಟಾಗಿದೆ!"

ಅಕ್ಕನಿಗೆ ನಗು ತಡೆಯಲಾಗಲಿಲ್ಲ. "ನಲ್ಲಿ ನೀರಲ್ಲಿ ನಿಮ್ಮಜ್ಜಿ ಹಾರ್ಮೋನ್ ಎಲ್ಲಿಂದ ಬರ್ಬೇಕು ಪುಟ್ಟಾ? ಮತ್ತೆ ಮೊದಲಿಂದ ಮಾಡ್ಬೇಕು."

"ಮಂಕುದಿಣ್ಣೆ!" ಅಜ್ಜಿ ಚೂಟಿಯ ತಲೆಗೊಂದು ಮೊಟಕಿದಳು. ಆಮೇಲೆ ಅಕ್ಕನ ಕಡೆ ತಿರುಗಿ, "ಹೋಗ್ಲಿ ಬಿಡಮ್ಮ, ಇದನ್ನೇ ಟೆಸ್ಟ್ ಮಾಡು. ಒಂದು ಮಗ್ ಏನು ಮಹಾ!" ಅಂದಳು.

"ಹಾಗಲ್ಲ ಅಜ್ಜಿ, ಹಾರ್ಮೋನ್ ಕಡಿಮೆ ತೋರಿಸುತ್ತೆ. ಕಾಯಿಲೆ ಇದ್ರೂ ಏನೂ ಇಲ್ಲ ಅಂತ ಬಂದುಬಿಡಬಹುದು."

"ಬರ್ಲಿ ಬಿಡು. ಏನೂ ಇಲ್ಲ ಅಂತಾನೇ ಬರ್ಲಿ."

ಅಜ್ಜಿಯ ದನಿ ಯಾಕೋ ಸಣ್ಣಗಾಗಿತ್ತು. ಅಕ್ಕನ ಮುಖ ನೋಡದೆ ತನ್ನ ಚಪ್ಪಲಿಯನ್ನೇ ನೋಡುತ್ತಿದ್ದಳು.

ಚೂಟಿ ಬಾಯಿ ಬಿಟ್ಟುಕೊಂಡು ನಿಂತಳು. ಅಜ್ಜಿಗೆ ಭಯವಾಗಿದೆ! ಇಷ್ಟು ವರ್ಷದಲ್ಲಿ ಒಂದು ದಿನವೂ ಅವಳು ಅಜ್ಜಿಯನ್ನು ಹೀಗೆ ಕಂಡಿರಲಿಲ್ಲ.

"ಬೇಡ ಅಕ್ಕಾ," ಅಂದಳು. "ಹೊಸ ಕ್ಯಾನ್ ಕೊಡಿ."

ರಸ್ತೆಗಿಳಿದದ್ದೇ ಅಜ್ಜಿಯ ಬಾಯಿ ಶುರುವಾಯಿತು. "ನೀರು ಹಾಕ್ತಾಳಂತೆ ನೀರು! ಹಾಲಿನವನ ಹತ್ತಿರ ಟ್ಯೂಷನ್ ತಗೊಂಡಿದೀಯಾ? ಕತ್ತೆ ವಯಸ್ಸಾಯ್ತು, ಒಂದು ಮಗ್ ಸುರಿಯೋಕೆ ಬರಲ್ಲ..."

ಬೇರೆ ದಿನ ಚೂಟಿ ಒಂದಕ್ಕೆ ನಾಲ್ಕು ಎದುರು ಮಾತಾಡುತ್ತಿದ್ದಳು. ಇವತ್ತು ಹೊಸ ಕ್ಯಾನನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಪಕ್ಕದಲ್ಲೇ ನಡೆದಳು. ಬೈಗುಳ ಪೂರ್ತಿ ತನಗೆ ಅಲ್ಲವೆಂದು ಅವಳಿಗೆ ಗೊತ್ತಾಗಿತ್ತು.

ತಿರುವಿನಲ್ಲಿ ಅಜ್ಜಿ ಉಸಿರು ತೆಗೆದುಕೊಳ್ಳಲು ನಿಂತಳು. ಬೈಯಲು ಇನ್ನೇನೂ ಉಳಿದಂತಿರಲಿಲ್ಲ. ಮತ್ತೆ ಚಪ್ಪಲಿ ನೋಡತೊಡಗಿದಳು.

ಚೂಟಿ ಅವಳ ಕೈ ಹಿಡಿದುಕೊಂಡಳು.

"ಬೈಯಿ ಅಜ್ಜಿ," ಅಂದಳು. "ಮನೆ ಇನ್ನೂ ದೂರ ಇದೆ."