ಮೂರು ಬಾಯಿ ಕೇಳಿದ ಮನೆ

"ಆ ಮನೆ ತಗೋಬೇಡಪ್ಪ," ಎಂದಳು ಬಲೆ ಹೆಣೆಯುವ ಮುದುಕಿ. ಕೈಯಲ್ಲಿದ್ದ ಗಂಟಿನಿಂದ ಕಣ್ಣು ತೆಗೆಯಲಿಲ್ಲ.

ಬಡಗಿ ಮಾರಾಟಕ್ಕಿದ್ದ ಮನೆಗೆ ದಾರಿ ಕೇಳಲೆಂದು ನಿಂತವನು. ಕಡಲಿನಿಂದ ಎದ್ದ ಮಂಜು ಊರನ್ನೆಲ್ಲ ನುಂಗಿ ಕೂತಿತ್ತು. ಹೊತ್ತು ನೆತ್ತಿಗೇರಿದರೂ ಹತ್ತು ಹೆಜ್ಜೆಯಾಚೆ ಏನಿದೆಯೆಂದು ತಿಳಿಯುತ್ತಿರಲಿಲ್ಲ.

"ಯಾಕಜ್ಜಿ, ನಿನಗೇ ಬೇಕಾಗಿತ್ತಾ?" ಎಂದು ನಕ್ಕ.

ಇಪ್ಪತ್ತು ವರ್ಷದಿಂದ ಅವನ ಕಸುಬೇ ಅದು. ಬಿದ್ದುಹೋಗುವಂತಿರುವ ಹಳೆಯ ಮನೆ ಹಿಡಿಯುವುದು, ಗೆದ್ದಲು ತಿಂದ ತೊಲೆ ತೆಗೆದು ಹೊಸದು ಕೂರಿಸುವುದು, ಮನೆಗೆ ಮತ್ತೆ ಜೀವ ಬರಿಸುವುದು. ಆ ಕಸುಬು ಅವನಿಗೆ ಕಲಿಸಿದ ಮೊದಲ ಪಾಠವೆಂದರೆ, ಮಾರಾಟಕ್ಕಿಟ್ಟ ಮನೆಯನ್ನು ಯಾರಾದರೂ ದೂರಿದರೆ ದೂರಿದವನ ಕಣ್ಣೇ ಅದರ ಮೇಲಿರುತ್ತದೆ. ದೆವ್ವವಿದೆ ಅನ್ನುತ್ತಾರೆ, ನೇಣು ಹಾಕಿಕೊಂಡಿದ್ದರು ಅನ್ನುತ್ತಾರೆ. ಆರು ತಿಂಗಳು ಕಳೆದ ಮೇಲೆ ಅದೇ ಮನೆಯಲ್ಲಿ ಅವರೇ ಒಲೆ ಹಚ್ಚುತ್ತಾರೆ. ಇಂಥ ಮಾತು ಕೇಳಿ ಕೇಳಿ ಅವನ ಕಿವಿಗೆ ತೂತು ಎರಡಾಗಿತ್ತು, ಒಂದರಲ್ಲಿ ಬಂದದ್ದು ಇನ್ನೊಂದರಲ್ಲಿ ಹೋಗುತ್ತಿತ್ತು.

"ನಗು, ನಗು," ಎಂದಳು ಮುದುಕಿ. "ಆ ಮನೆಯವರ ಮುತ್ತಜ್ಜನೂ ನಕ್ಕಿದ್ದ. ದೋಣಿಯ ಹಲಗೆ ಬಿಟ್ಟಿದೆ, ಇವತ್ತು ಕಡಲಿಗೆ ಇಳಿಸಬೇಡ ಅಂತ ಒಬ್ಬಳು ಮೂರು ಸಲ ಹೇಳಿದ್ಲು. ಅವಳ ಮೂರು ಮಕ್ಕಳು ಆ ದೋಣೀಲಿ ಕೂಲಿಗಿದ್ರು. ಇವನು ನಕ್ಕು ದೋಣಿ ಕಳಿಸಿದ. ಹೆಣಾನೂ ಸಿಗಲಿಲ್ಲ. ಅವಳು ಕಡಲಿಗಿಳಿದು ಹುಡುಕಿ, ಅದೇ ಒದ್ದೆ ಬಟ್ಟೇಲಿ ಬಂದು ಆ ಮನೆ ಹೊಸಿಲ ಮೇಲೆ ಕೂತು ಏನೋ ಮಾಡಿದ್ಲು. ಏನು ಅಂತ ಕೇಳಬೇಡ. ಮಾಟದ ಹೆಸರು ಬಾಯಲ್ಲಿ ಆಡಬಾರದು."

"ಆಯ್ತಜ್ಜಿ. ದಾರಿ ಯಾವ ಕಡೆ?"

ಮುದುಕಿ ಗದ್ದದಿಂದಲೇ ಏರಿನ ಕಡೆಗೆ ತೋರಿಸಿದಳು.

ಅವನು ಬಂದಿದ್ದದ್ದು ಮನೆಯ ಆಸೆಗಲ್ಲ, ಅಕ್ಕನಿಗಾಗಿ. ಅದು ಅಕ್ಕ ಸೊಸೆಯಾಗಿ ಹೊಕ್ಕ ಮನೆ. ತಾಯಿ ಸತ್ತಾಗ ಅವನಿಗೆ ನಾಲ್ಕು ವರ್ಷ, ಅಕ್ಕನಿಗೆ ಹದಿನಾಲ್ಕು. ಸೊಂಟದ ಮೇಲೆ ಹೊತ್ತು ತಿರುಗಿದವಳು ಅವಳು, ತನ್ನ ತುತ್ತು ಇವನ ಬಾಯಿಗಿಟ್ಟವಳು ಅವಳು. ಉಳಿ ಹಿಡಿಯಲು ಕಲಿಯಲೆಂದು ಕೈಹಿಡಿದು ಮೇಸ್ತ್ರಿಯ ಬಳಿ ಬಿಟ್ಟು ಬಂದವಳೂ ಅವಳೇ. ಮದುವೆಯಾದ ಮೇಲೆ ಮಾತ್ರ ಒಂದು ಸಲವೂ ಅವನನ್ನು ತನ್ನ ಮನೆಗೆ ಕರೆದಿರಲಿಲ್ಲ. ನೋಡಬೇಕೆನಿಸಿದರೆ ತಾನೇ ಬಂದುಹೋಗುತ್ತಿದ್ದಳು. ಹತ್ತೊಂಬತ್ತು ವರ್ಷದ ಮೇಲೆ ಮೊದಲ ಸಲ ಕಾಗದ ಬರೆದಿದ್ದಳು. ಭಾವನಿಗೆ ಕಾಯಿಲೆ, ದೊಡ್ಡ ಆಸ್ಪತ್ರೆಯಿರುವ ಊರಿಗೆ ಹೋಗಬೇಕು, ಮನೆ ಮಾರುತ್ತಿದ್ದೇವೆ, ಬೇರೆಯವರ ಪಾಲಾಗುವ ಮೊದಲು ನೀನೊಮ್ಮೆ ಬಂದು ನೋಡು.

ಬಂದು ನೋಡುವುದೇನು, ಅಲ್ಲೇ ಇದ್ದುಬಿಡುವುದೆಂದು ಅವನು ತೀರ್ಮಾನ ಮಾಡಿಯಾಗಿತ್ತು. ಸಂಜೆಯ ಹೊತ್ತಿಗೆ ಹೆಂಡತಿ ಹಾಸಿಗೆ, ಪಾತ್ರೆ, ಅವನ ಹತಾರ ಎಲ್ಲ ಗಾಡಿಯಲ್ಲಿ ಹೇರಿಕೊಂಡು ಬರುವವಳಿದ್ದಳು.

ಏರಿನಲ್ಲಿ ಸೈಕಲ್ ತಳ್ಳಿಕೊಂಡು ಇಳಿಯುತ್ತಿದ್ದ ಅಂಚೆಯವನು ಎದುರಾದ. ನೆಲ ಗೋಡೆಯ ಸಮ ನೋಡಲೆಂದು ಇವನು ಕೈಯಲ್ಲಿ ಹಿಡಿದಿದ್ದ ರಸಮಟ್ಟ ನೋಡಿದ.

"ಮೇಲಿನ ಮನೆಗಾ? ಬೇಡ ಸಾರ್. ನಾನು ಕಾಗದಾನೂ ಗೇಟಿಗೇ ಸಿಕ್ಕಿಸಿ ಬರ್ತೀನಿ."

"ನಿಮ್ಮ ಸಂಬಂಧಿಕರು ಯಾರಾದರೂ ಮನೆ ಹುಡುಕ್ತಾ ಇದ್ದಾರಾ?" ಎಂದ ಬಡಗಿ, ಗಂಭೀರವಾಗಿ.

"ಒಳ್ಳೇದಕ್ಕೆ ಹೇಳಿದೆ."

"ಎಲ್ಲರೂ ಒಳ್ಳೇದಕ್ಕೇ ಹೇಳೋದು. ಬರ್ತೀನಿ."

ಮಂಜಿನೊಳಗಿಂದ ಮನೆ ಒಮ್ಮೆಲೇ ಎದ್ದು ನಿಂತಿತು. ಅವನ ಎದೆ ಝಲ್ ಎಂದಿತು, ಹೆದರಿಕೆಯಿಂದಲ್ಲ, ಮೋಹದಿಂದ. ಎರಡು ಅಂತಸ್ತು. ಬಣ್ಣದ ಗಾಜಿನ ಕಿಟಕಿಗಳು. ಒಡೆದ ಹಡಗಿನ ಮರದಿಂದ ಕೊಯ್ದ ತೊಲೆಗಳು, ಒಂದೊಂದೂ ಎರಡು ತೋಳಿಗೂ ಸಿಕ್ಕದಷ್ಟು ದಪ್ಪ. ಬಾಗಿಲವಾಡದ ಮೇಲೆ ಬಿಡಿಸಿದ ಬಳ್ಳಿ ನೂರು ವರ್ಷದ ಮೇಲೂ ಚಿಗುರುವಂತಿತ್ತು. ಬೆರಳ ಗೆಣ್ಣಿನಿಂದ ಬಾಗಿಲ ಚೌಕಟ್ಟು ತಟ್ಟಿದ. ಗಟ್ಟಿ. ಹೊಸಿಲು ತಟ್ಟಿದ. ಸದ್ದು ಮಾತ್ರ ಬೇರೆ. ಕೆಳಗೆ ನೀರು ನಿಂತ ಹಾಗೆ.

ಒಳಗೆ ಭಾವ ಕುರ್ಚಿಯಲ್ಲಿ ಕೂತಿದ್ದ. ಮೈ ಉಬ್ಬಿತ್ತು. ಚರ್ಮ ನೀರಲ್ಲಿ ನೆನೆಹಾಕಿದ ಕಾಗದದ ಬಣ್ಣಕ್ಕೆ ತಿರುಗಿತ್ತು. ಉಸಿರೆಳೆದಾಗಲೆಲ್ಲ ಎದೆಯೊಳಗೆ ಗುಳುಗುಳು. ಸತ್ತ ಚಿಪ್ಪು, ಒಣಗದ ಬಟ್ಟೆ, ಹಳೆಯ ಉಪ್ಪು ಎಲ್ಲ ಸೇರಿದ ವಾಸನೆ.

ಅಕ್ಕ ಹೊಸಿಲಿನ ಒಳಗೆ ನಿಂತಿದ್ದಳು. ಕೈಯಲ್ಲಿ ಬೀಗದ ಕೈ.

"ಬರಬೇಡ ಕಣೋ," ಎಂದಳು. "ಈ ಮನೆ ಒಳ್ಳೇದಲ್ಲ. ಬಂದವರನ್ನ ಬಿಡಲ್ಲ ಇದು. ವಾಪಸ್ ಹೋಗು."

"ನೀನೂ ಶುರು ಮಾಡಿದೆಯಾ?" ಅವನು ನಕ್ಕ. ನಗುವಿನಲ್ಲಿ ಅಕ್ಕರೆಯಿತ್ತು. ಮನೆ ಬಿಡುವ ಸಂಕಟ, ಪಾಪ, ಬಾಯಿಗೆ ಬಂದದ್ದು ಆಡುತ್ತಿದ್ದಾಳೆ ಅಂದುಕೊಂಡ. "ನನ್ನ ಹೊತ್ತು ಬೆಳೆಸಿದವಳ ಮನೆ ಕಂಡವರ ಕೈಗೆ ಹೋಗೋಕೆ ಬಿಡ್ತೀನಾ ನಾನು? ಅಲ್ಲಿ ಭಾವನ್ನ ಹುಷಾರು ಮಾಡಿಸು. ಯಾವಾಗ ಬಂದರೂ ನಿನ್ನ ಕೋಣೆ ನಿನ್ನದೇ. ಕೊಡು ಇಲ್ಲಿ."

ಕೀಲಿಕೈ ಅವಳ ಕೈಯಿಂದ ತಾನೇ ತೆಗೆದುಕೊಂಡ. ಹೊಸಿಲು ದಾಟಿದ.

ಒಳಗೆ ಗುಳುಗುಳು ನಿಂತಿತು.

ಭಾವ ಕುರ್ಚಿಯಿಂದ ಎದ್ದ. ಎದ್ದವನು ಒಮ್ಮೆ ಆಳವಾಗಿ ಉಸಿರೆಳೆದ, ಒಣ ಉಸಿರು. ಮುಖ ನೋಡದೆ ಬಡಗಿಯ ಪಕ್ಕದಿಂದ ಹಾದು ಹೊಸಿಲು ದಾಟಿ ಅಂಗಳಕ್ಕಿಳಿದ. ಇಳಿದವನು ಓಡಿದ. ಅಕ್ಕನೂ ಹಿಂದೆಯೇ ಹೋದಳು. ಗೇಟಿನ ಬಳಿ ಮಾತ್ರ ನಿಂತಳು.

"ಅಕ್ಕ, ಏನಿದು? ಭಾವ ಎಲ್ಲಿಗೆ..."

ಹೊರಗೆ ಕಾಲಿಡಲು ಹೋದ. ಗಂಟಲಿಗೆ ನೀರು ಬಂತು. ಎಲ್ಲಿಂದಲೂ ಅಲ್ಲ, ಒಳಗಿನಿಂದ. ಬಾಯಿ, ಮೂಗು, ಎದೆ ಎಲ್ಲ ಉಪ್ಪುನೀರು. ಉಸಿರಿಲ್ಲ. ಹಿಂದಕ್ಕೆ ಬಿದ್ದ. ಹೊಸಿಲಿನ ಒಳಗೆ ಬಿದ್ದ ಮೇಲೆ ನೀರು ಇಳಿಯಿತು. ಪೂರ್ತಿ ಇಳಿಯಲಿಲ್ಲ. ತಳದಲ್ಲಿ ಒಂದು ಗುಟುಕು ಉಳಿಯಿತು.

"ಮೂರು ಬಾಯಿ ಹೇಳಬೇಕು," ಎಂದಳು ಅಕ್ಕ ಗೇಟಿನಾಚೆಯಿಂದ. ದನಿ ತೀರ ಸಣ್ಣದಾಗಿತ್ತು. "ಮೂರು ಬೇರೆ ಬೇರೆ ಬಾಯಿ. ಬೇಡ ಅಂತ ಹೇಳಿದ ಮೇಲೂ ನಕ್ಕು ಒಳಗೆ ಕಾಲಿಟ್ಟವರನ್ನ ಅದು ಹಿಡಿಯುತ್ತೆ, ಆಗಲೇ ಹಳಬರನ್ನ ಬಿಡುತ್ತೆ. ಇವರನ್ನ ಇವರ ದೊಡ್ಡಪ್ಪ ಹಾಗೇ ಸಿಕ್ಕಿಸಿದ. ನಾನು ಬಂದಾಗ ಯಾರೂ ಏನೂ ಹೇಳಿರಲಿಲ್ಲ, ಅದಕ್ಕೇ ನನ್ನನ್ನ ಮುಟ್ಟಲಿಲ್ಲ."

"ಆ ಅಜ್ಜಿ? ಅಂಚೆಯವನು?"

"ಅವರಿಗೆ ಈ ಕಟ್ಟು ಗೊತ್ತಿಲ್ಲ. ಬರೋರಿಗೆಲ್ಲ ಎಚ್ಚರ ಹೇಳಿ ಅಂತ ನಾನೇ ಕೈಮುಗಿದು ಹೇಳಿದ್ದೆ. ಪುಣ್ಯದ ಕೆಲಸ ಅಂತ ಹೇಳ್ತಾರೆ. ಎರಡು ವರ್ಷದಿಂದ ಎಷ್ಟು ಜನ ಬಂದರು ಗೊತ್ತಾ? ಎಲ್ಲರೂ ಹೆದರಿ ಹಿಂದಕ್ಕೆ ಹೋದರು. ನಂಬದೇ ಇರೋನು ಬೇಕಾಗಿತ್ತು."

ಬಡಗಿ ಬಾಗಿಲವಾಡ ಹಿಡಿದು ಎದ್ದು ಕೂತ. "ನಾನು ನಂಬಲ್ಲ ಅಂತ ನಿನಗೆ ಗೊತ್ತಿತ್ತು."

"ಬೆಳೆಸಿದವಳು ನಾನಲ್ವಾ."

ಮಂಜು ಇಬ್ಬರ ನಡುವೆ ಹರಿಯಿತು. ಅವನು ಬೈಯಬೇಕೆಂದು ಬಾಯಿ ತೆರೆದ. ನಾಲ್ಕು ವರ್ಷದವನಾಗಿದ್ದಾಗ ಕರೆಯುತ್ತಿದ್ದಂತೆ "ಅಕ್ಕಾ" ಎಂದಷ್ಟೇ ಬಂತು.

"ಸುಳ್ಳು ಹೇಳಿ ಕರೆಸಲಿಲ್ಲ ಕಣೋ ನಾನು," ಎಂದಳು ಅವಳು. "ನಿಜಾನೇ ಹೇಳಿದೆ. ಬರಬೇಡ ಅಂದೆ." ಹೀಗೆಂದವಳು ಇಳಿಜಾರಿನಲ್ಲಿ ಗಂಡನ ಹಿಂದೆ ಹೋದಳು. ತಿರುಗಿ ನೋಡಲಿಲ್ಲ.

ಮೇಲಿನ ಅಂತಸ್ತಿನಲ್ಲಿ ಒದ್ದೆ ಕಾಲಿನ ಸಪ್ಪಳವಾಯಿತು.

ಮನೆಯಲ್ಲಿ ಇನ್ಯಾರೂ ಇರಲಿಲ್ಲ. ಚಪ್, ಚಪ್, ಚಪ್. ಕಡಲ ಕಡೆಯ ಕಿಟಕಿಯ ತನಕ ಹೋಗಿ ನಿಂತಿತು. ಯಾರನ್ನೋ ಕಾಯುವ ಹಾಗೆ.

ಕೈಕಟ್ಟಿ ಕೂರುವ ಜಾತಿಯವನಲ್ಲ ಅವನು. ಮರದಲ್ಲಿ ಹುಟ್ಟಿದ ರೋಗಕ್ಕೆ ಮರದಲ್ಲೇ ಮದ್ದು ಎಂದುಕೊಂಡ. ಅಡುಗೆಮನೆಯಲ್ಲಿ ಕಬ್ಬಿಣದ ಸಲಾಕೆ ಸಿಕ್ಕಿತು. ಹೊಸಿಲಿನ ಬುಡಕ್ಕೆ ಮೀಟು ಕೊಟ್ಟ. ಹಡಗಿನ ಮರ ನರಳಿತು. ಮೊಳೆಗಳು ಕಿರುಚುತ್ತ ಎದ್ದವು. ಹಲಗೆ ಮೇಲೆ ಬಂತು.

ಕೆಳಗೆ ಒದ್ದೆ ಮರಳು. ಮರಳಿನಲ್ಲಿ ಮೂರು ಚಿಪ್ಪು. ಮೂರೂ ಬಾಯಿ ಮುಚ್ಚಿದ್ದವು. ಉದ್ದನೆಯ ಹೆಣ್ಣುಗೂದಲಿನಿಂದ ಸುತ್ತಿ ಸುತ್ತಿ ಬಿಗಿದಿದ್ದರು. ಇಷ್ಟು ವರ್ಷದ ಮೇಲೂ ಕೂದಲಿನಿಂದ ನೀರು ತೊಟ್ಟಿಕ್ಕುತ್ತಿತ್ತು.

ಒಂದನ್ನು ಎತ್ತಿ ಕೂದಲು ಹರಿದ. ಚಿಪ್ಪು ಬಾಯಿ ತೆರೆಯಿತು.

ಒಳಗಿನಿಂದ ಉಸಿರು. ಮನುಷ್ಯನ ಉಸಿರು. ಮುಳುಗುವವನ ಕೊನೆಯ ಉಸಿರು. "ಅಮ್ಮಾ" ಎಂದಿತು.

ಮೇಲೆ ಸಪ್ಪಳ ಓಡಿತು. ಮೆಟ್ಟಿಲಿಳಿಯಿತು. ಚಪ್ಚಪ್ಚಪ್. ಬಡಗಿಯ ಕೈಯಿಂದ ಚಿಪ್ಪು ಜಾರಿತು. ಎದೆಗೆ ನೀರು ಏರಿತು. ಕುತ್ತಿಗೆಗೆ ಏರಿತು. ಕಣ್ಣು ಕತ್ತಲಾಯಿತು. ಕೈ ತಡಕಾಡಿತು. ಚಿಪ್ಪು ಸಿಕ್ಕಿತು. ಮುಚ್ಚಿದ. ಕೂದಲು ಸುತ್ತಿದ. ಮರಳಿಗೆ ತುರುಕಿದ. ಹಲಗೆ ಎಳೆದ. ಹಲಗೆಯ ಮೇಲೆ ಕವುಚಿ ಬಿದ್ದ.

ಸಪ್ಪಳ ಅವನ ತಲೆಯ ಬಳಿ ನಿಂತಿತು. ಕೆನ್ನೆಯ ಮೇಲೆ ಒಂದು ತಣ್ಣನೆಯ ಹನಿ ಬಿತ್ತು. ಆಮೇಲೆ ಹಿಂದಕ್ಕೆ, ನಿಧಾನವಾಗಿ, ಮೆಟ್ಟಿಲು ಹತ್ತಿ ಹೋಯಿತು.

ಎಷ್ಟು ಹೊತ್ತು ಹಾಗೆ ಬಿದ್ದಿದ್ದನೋ. ಕೆಳಗಿನಿಂದ ಗಾಡಿಯ ಸದ್ದು ಕೇಳಿತು.

ಹೆಂಡತಿ ಹಾಸಿಗೆ ಸುರುಳಿಯ ಮೇಲೆಯೇ ಕೂತು ಬಂದಿದ್ದಳು. ಗೇಟಿನ ಬಳಿ ಇಳಿದು, ಮನೆಯನ್ನೊಮ್ಮೆ ಕೆಳಗಿನಿಂದ ಮೇಲೆ ನೋಡಿ, ಸೊಂಟದ ಮೇಲೆ ಕೈಯಿಟ್ಟಳು.

"ಏನ್ರೀ, ಅರಮನೇನೇ ಹಿಡಿದಿದ್ದೀರಲ್ಲ. ಊರವರ ಉಪಚಾರ ಮಾತ್ರ ಭಾರಿ. ತಿರುವಿನಲ್ಲಿ ಒಬ್ಬ ಅಜ್ಜಿ ಹೋಗಬೇಡ ಅಂದ್ಲು. ಏರಿನಲ್ಲಿ ಅಂಚೆಯಣ್ಣ ಗಾಡಿ ನಿಲ್ಲಿಸಿ ಹೋಗಬೇಡ ಅಂದ. ಇಬ್ಬರಾಯ್ತು. ನೀವೇನಂತೀರಾ?"

ನಗುತ್ತಿದ್ದಳು. ಎರಡು ಮಾತಿಗೂ ಹೀಗೇ ನಕ್ಕಿರುತ್ತಾಳೆ ಎಂದು ಅವನಿಗೆ ಗೊತ್ತಾಯಿತು. ಇನ್ನೊಂದು ಬಾಯಿ ಬಾಕಿ. ಆ ಬಾಯಿ ಅವನದು.

ಬರಬೇಡ ಎಂದರೆ ಅವಳು ಖಂಡಿತ ಬರುತ್ತಾಳೆ. ಒಮ್ಮೆ ಕೆಲಸದಲ್ಲಿ ಹಳೆ ಮನೆಯ ಮಾಡು ಕುಸಿದು ಅವನು ಅಡಿಯಲ್ಲಿ ಸಿಕ್ಕಿಕೊಂಡಾಗ ಹತ್ತು ಜನ ಬೇಡ ಬೇಡ ಎಂದು ಕೂಗುತ್ತಿದ್ದರು. ಇವಳು ಅವರನ್ನೆಲ್ಲ ತಳ್ಳಿ ತೊಲೆಯಡಿ ನುಗ್ಗಿ ಅವನನ್ನು ಎಳೆದು ತಂದಿದ್ದಳು. ಇಲ್ಲಿ ಹಾಗೆ ನುಗ್ಗಿದರೆ ಅವನು ಬಿಡುಗಡೆಯಾಗುತ್ತಾನೆ. ಬೇಡ ಎನ್ನುವ ಒಂದೇ ಮಾತು ಸಾಕು. ನಾಲಗೆ ತಾನಾಗಿ ಆ ಮಾತಿನ ಆಕಾರಕ್ಕೆ ಮಡಚಿಕೊಳ್ಳುತ್ತಿತ್ತು.

ಬಾ ಎಂದರೆ? ಇವತ್ತು ಪಾರಾಗುತ್ತಾಳೆ. ನಾಳೆ ಹಾಲಿನವನೋ ಹೂವಿನವಳೋ ಮೂರನೆಯ ಬಾಯಿಯಾಗುತ್ತಾರೆ, ಅವಳು ನಕ್ಕು ಮತ್ತೆ ಹೊಸಿಲು ದಾಟುತ್ತಾಳೆ.

"ಮನೆ ಚೆನ್ನಾಗಿದೆ," ಎಂದ, ಒಂದೊಂದು ಮಾತನ್ನೂ ತೂಗಿ. "ತುಂಬಾ ಚೆನ್ನಾಗಿದೆ. ನಾನೊಬ್ಬನೇ ಇರೋಣ ಅಂತ."

"ಇರಿ ಇರಿ. ಮೊದಲು ಈ ಹಾಸಿಗೆಗೊಂದು ಕೈ ಹಾಕಿ."

"ತಮಾಷೆ ಅಲ್ಲ. ನಿನ್ನ ಜೊತೆ ಬಾಳಿ ಸಾಕಾಗಿದೆ ನನಗೆ."

ಅವಳು ಮೆಟ್ಟಿಲವರೆಗೂ ಬಂದಳು. "ಮುಖ ಯಾಕೆ ಹೀಗೆ ಬಿಳಿಚಿದೆ? ಜ್ವರಾನಾ?" ಹಣೆ ಮುಟ್ಟಲು ಕೈ ಚಾಚಿದಳು. ಆ ಕೈ ಹೊಸಿಲಿಗೆ ಒಂದು ಗೇಣು ದೂರದಲ್ಲಿತ್ತು. ಅವನು ಹಿಂದೆ ಸರಿದ.

"ಇನ್ನೊಬ್ಬಳಿದ್ದಾಳೆ," ಎಂದ.

ಕೈ ಅಲ್ಲೇ ನಿಂತಿತು.

"ಯಾರು?"

ಅವನ ಬಾಯಿ ತುಂಬ ನೀರು ಬಂದಿತ್ತು. ತುಟಿ ಬಿಗಿದು ನಿಂತ. ಅವಳು ಕಾದಳು. ಆಗ ಒಳಗೆ ಮೆಟ್ಟಿಲಿನ ಮೇಲೆ ಒದ್ದೆ ಕಾಲಿನ ಸಪ್ಪಳವಾಯಿತು. ಇಬ್ಬರಿಗೂ ಕೇಳಿತು. ಸ್ನಾನ ಮಾಡಿ ಬಂದ ಹೆಂಗಸಿನ ನಡಿಗೆ.

ಹೆಂಡತಿಯ ಮುಖದಿಂದ ನಗು ಒಂದೊಂದೇ ಎಳೆಯಾಗಿ ಕಳಚಿತು.

"ಒಳಗೇ ಇದ್ದಾಳಾ?"

ಅವನು ಹೌದೆಂದು ತಲೆಯಾಡಿಸಿದ.

"ನಿಮ್ಮಕ್ಕನಿಗೆ ಗೊತ್ತಿತ್ತಾ?"

ತಲೆಯಾಡಿಸಿದ.

"ಊರಿಗೆಲ್ಲ ಗೊತ್ತಿತ್ತು," ಎಂದಳು, ತನಗೆ ತಾನೇ ಹೇಳಿಕೊಳ್ಳುವವಳ ಹಾಗೆ. "ಅದಕ್ಕೇ ಹೋಗಬೇಡ ಹೋಗಬೇಡ ಅಂದ್ರು. ನಾನು ನಗ್ತಾ ಬಂದೆ ನೋಡಿ."

ಚಾಚಿದ ಕೈಯನ್ನು ಮಡಚಿ ಎದೆಗೊತ್ತಿಕೊಂಡಳು. ಅಳಲಿಲ್ಲ, ಶಪಿಸಲಿಲ್ಲ. ಅವನ ಹತಾರದ ಚೀಲವನ್ನು ಗಾಡಿಯಿಂದ ಇಳಿಸಿ ಗೇಟಿಗೆ ಒರಗಿಸಿಟ್ಟಳು. ಗಾಡಿಯವನಿಗೆ ತಿರುಗಿಸು ಎಂದಳು.

ಗಾಡಿ ಮಂಜಿನೊಳಗೆ ಕರಗಿ, ಸದ್ದೂ ಅಡಗುವವರೆಗೆ ಬಡಗಿ ಬಾಯಿ ತೆರೆಯಲಿಲ್ಲ. ಸಪ್ಪಳ ಅವನ ಹಿಂದಿನಿಂದ ಬಂತು. ಪಕ್ಕದಲ್ಲಿ ನಿಂತಿತು. ಅವನ ತೋಳಿಗೆ ಒಂದು ಒದ್ದೆ ತೋಳು ತಾಗಿತು. ಇಬ್ಬರೂ ಬಾಗಿಲಲ್ಲಿ ನಿಂತು ಖಾಲಿ ದಾರಿಯನ್ನು ನೋಡಿದರು.