ಚಕ್ಕೋತ ಮರದ ವಿಚಾರಣೆ

"ಮರ ಮೈ ಕೆರ್ಕೊಳ್ಳಲ್ಲ ಕಣೇ, ಸುಮ್ನೆ ಕೂತ್ಕೋ!" ಅಜ್ಜಿ ಕೆಳಗಿನಿಂದ ಗದರಿದಳು.

ಚಕ್ಕೋತ ಮರದ ಕವಲಿನಲ್ಲಿ ಕೂತಿದ್ದ ಲುವಾಳ ಕಾಲನ್ನು ಕೆಂಜಿಗಗಳು ಕಚ್ಚುತ್ತಿದ್ದವು. ಮೆಕಾಂಗ್ ನದಿ ಪಕ್ಕದ ಆ ಊರಿನಲ್ಲಿ ಅವತ್ತು ಐದನೇ ತಿಂಗಳ ಹಬ್ಬ. ಬೆಳಿಗ್ಗೆ ಹಬ್ಬಕ್ಕೆಂದೇ ಹುಳಿ ಬರಿಸಿದ ಅಂಟಕ್ಕಿ ಅನ್ನ ತಿಂದಾಗಿತ್ತು. ಮಧ್ಯಾಹ್ನ, ಕಾಯಿ ಬಿಡದ ಮರಗಳ ವಿಚಾರಣೆ. ಒಬ್ಬರು ಕೆಳಗೆ ನಿಂತು ಗದರಿಸಬೇಕು. ಇನ್ನೊಬ್ಬರು ಮೇಲೆ ಕೂತು ಮರದ ಪರವಾಗಿ ಉತ್ತರ ಕೊಡಬೇಕು.

ಹೋದ ವರ್ಷ ಮರವಾಗಿದ್ದವನು ಅಣ್ಣ ಖೋವಾ. "ಬುಟ್ಟಿ ತುಂಬ ಬಿಡ್ತೀನಿ" ಎಂದು ಮಾತು ಕೊಟ್ಟು ಆರಾಮಾಗಿ ಇಳಿದುಬಂದಿದ್ದ. ಮರ ಒಂದು ಕಾಯಿಯನ್ನೂ ಬಿಡಲಿಲ್ಲ. ಈ ವರ್ಷ ಅವನಿಗೆ ಮೀಸೆ ಚಿಗುರಿದೆ. ಮರವಾಗಲು ನಾಚಿಕೆಯಂತೆ.

ಅಪ್ಪ ಮಚ್ಚು ಹಿಡಿದು ಬಂದ. ಮಚ್ಚು ಪ್ರತಿ ವರ್ಷವೂ ಇರುತ್ತಿತ್ತು. ಆದರೆ ಈ ಸಲ ಅದನ್ನು ಸಾಣೆ ಹಿಡಿಸಿದ್ದ. ಮರ ಹೋದರೆ ಅಲ್ಲಿ ಬೈಕ್ ನಿಲ್ಲಿಸಬಹುದು ಎಂದು ಊಟಕ್ಕೆ ಕೂತಾಗಲೆಲ್ಲ ಹೇಳುತ್ತಿದ್ದ. ಲುವಾಳಿಗೆ ನಿಜಕ್ಕೂ ಭಯವಾಯಿತು.

ಟಕ್! ಮಚ್ಚಿನ ಬೆನ್ನು ಕಾಂಡಕ್ಕೆ ಬಡಿಯಿತು.

"ಏಯ್ ಸೋಮಾರಿ! ಈ ವರ್ಷನಾದ್ರೂ ಕಾಯಿ ಬಿಡ್ತೀಯೋ, ಇಲ್ಲಾ ಕಡಿದು ಹಾಕ್ಲೋ?"

"ಬಿಡ್ತೀನಿ ಸ್ವಾಮಿ, ಕಡೀಬೇಡಿ" ಎನ್ನಬೇಕು, ಅಷ್ಟೇ. ಲುವಾ ಅನ್ನಲಿಲ್ಲ. ಬಿಡದೇ ಹೋದರೆ? ಮಾತು ಕೊಡುವವಳು ತಾನು, ಏಟು ತಿನ್ನುವುದು ಮರ.

ಅವಳು ಬಗ್ಗಿ ನೋಡಿದಳು. ಅಂಗಳದ ತುಂಬ ಸಿಮೆಂಟು. ಅದು ಕಾಂಡವನ್ನೇ ಒತ್ತಿಕೊಂಡು ನಿಂತಿತ್ತು. ಅಪ್ಪನೇ ಹಾಕಿಸಿದ್ದು. ಬುಡದಲ್ಲಿ ಒಂದು ಹಿಡಿ ಮಣ್ಣೂ ಕಾಣಲಿಲ್ಲ.

"ಮರಕ್ಕೆ ನಿದ್ದೆ ಬಂತು!" ಖೋವಾ ಕಿಸಕ್ಕನೆ ನಕ್ಕ.

"ಬಾಯಾರಿಕೆ ಆಗ್ತಿದೆ," ಎಂದಿತು ಮರ.

ಅಪ್ಪ ಕತ್ತೆತ್ತಿದ. "ಇಳಿದ್ಮೇಲೆ ಕುಡಿಯುವೆಯಂತೆ."

"ನಂಗಲ್ಲಪ್ಪ, ಮರಕ್ಕೆ. ಬುಡದ ತನಕ ಸಿಮೆಂಟ್ ಹಾಕ್ಸಿದ್ದೀಯಲ್ಲ, ಅದು ನೀರು ಎಲ್ಲಿಂದ ಕುಡೀಬೇಕು?"

"ಚೀಟಿಂಗ್!" ಖೋವಾ ಕೂಗಿದ. "ಮರ ಕಂಪ್ಲೇಂಟ್ ಮಾಡಂಗಿಲ್ಲ!"

"ಯಾಕೆ ಮಾಡಂಗಿಲ್ಲ? ಕೇಳಿದ್ದು ನಾವು ತಾನೆ?" ಅಜ್ಜಿ ಎಲೆ ಅಡಿಕೆ ಜಗಿಯುತ್ತ ಹೇಳಿದಳು.

ಅಪ್ಪ ಸಿಮೆಂಟನ್ನು ಕಾಲಿನಿಂದ ಒಮ್ಮೆ ಒತ್ತಿ ನೋಡಿದ. ಒಳಗೆ ಹೋಗಿ ಮಚ್ಚಿಟ್ಟು, ಉಳಿ ಸುತ್ತಿಗೆ ತಂದ.

"ಮರ ಇಳೀಬಹುದು. ಚೂರು ಹಾರುತ್ತೆ."

ಸಂಜೆಯ ಹೊತ್ತಿಗೆ ಕಾಂಡದ ಸುತ್ತ ಕಪ್ಪು ಮಣ್ಣು ಕಂಡಿತು. ಲುವಾ ಒಂದು ಬಕೆಟ್ ನೀರು ಸುರಿದಳು.

"ಸಾಕಾ?" ಎಂದು ಕೇಳಿದಳು.

ಮೇಲೆ ಯಾರೂ ಕೂತಿರಲಿಲ್ಲ. ನೀರು ನೋಡನೋಡುತ್ತಲೇ ಇಂಗಿಹೋಯಿತು.

ಲುವಾ ಇನ್ನೊಂದು ಬಕೆಟ್ ತರಲು ಹೋದಳು.